ಕಾಲು ಮುಟ್ಟುವ ಗಾಡಿ

ನಾನು ಗಿಡ್ಡಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಆದದ್ದೆಲ್ಲ ಇದರಿಂದಲೇ ಆಯಿತು. ಶಾಲೆಯ ಪ್ರಾರ್ಥನೆಯಲ್ಲಿ ಸಾಲಿನ ಮೊದಲಿಗೆ ನಾನೇ, ನರ್ಸಿಂಗ್ ಟ್ರೇನಿಂಗಿನ ಗುಂಪು ಫೋಟೊದಲ್ಲಿ ಮುಂದೆ ನೆಲದ ಮೇಲೆ ಕೂತವಳೂ ನಾನೇ. ಮದುವೆಯಲ್ಲಿ ಮಾಲೆ ಹಾಕುವಾಗ ಗಂಡ ಬಗ್ಗಬೇಕಾಯಿತು. ಅವರು ಬಗ್ಗಿದ್ದಕ್ಕೆ ನಮ್ಮ ಕಡೆಯ ಹೆಂಗಸರು ಸಿಳ್ಳೆ ಹೊಡೆಯುವುದೊಂದು ಬಾಕಿ ಇತ್ತು. ಅವರು ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸ ಮಾಡುತ್ತಾರೆ. ನೆಲದೊಳಗೆ ತಲೆ ತಗ್ಗಿಸಿ ನಡೆದು ರೂಢಿಯಾಗಿ, ಎಷ್ಟೇ ಎತ್ತರದ ಬಾಗಿಲಿರಲಿ, ಒಮ್ಮೆ ಬಗ್ಗಿಯೇ ದಾಟುತ್ತಾರೆ. ಬಾಗಿಲು ಎಷ್ಟೇ ಗಿಡ್ಡವಿರಲಿ, ನಾನು ಸೆಟೆದುಕೊಂಡೇ ದಾಟುತ್ತೇನೆ. ನಮ್ಮಿಬ್ಬರ ಸ್ವಭಾವವೂ ಹೆಚ್ಚುಕಡಿಮೆ ಹೀಗೆಯೇ.

ಅವರಿಗೆ ಹಟ್ಟಿ, ನನಗೆ ಸಿಂಧನೂರು ಕಡೆಯ ಕಾಲುವೆ ಊರುಗಳು. ಇಬ್ಬರಿಗೂ ನಡುವೆ ಆಗಲಿ ಎಂದು ಮಸ್ಕಿಯಲ್ಲಿ ಮನೆ ಮಾಡಿದೆವು. ಅಂದರೆ ಇಬ್ಬರಿಗೂ ದೂರವಾಯಿತು. ಉಳಿದ ದಿನಗಳಲ್ಲಿ ನನಗೆ ತೊಂದರೆಯಿರಲಿಲ್ಲ. ಬಸ್ಸು ಹತ್ತಿ ಉಪಕೇಂದ್ರಕ್ಕೆ ಹೋಗಿ, ಬಸ್ಸು ಹತ್ತಿ ಬರುತ್ತಿದ್ದೆ. ತೊಂದರೆಯೆಲ್ಲ ಗುರುವಾರದ್ದು. ಗುರುವಾರ ಮಕ್ಕಳಿಗೆ ಲಸಿಕೆ ಹಾಕುವ ದಿನ. ಬೆಳಿಗ್ಗೆ ಆಸ್ಪತ್ರೆಯಿಂದ ಲಸಿಕೆಯ ತಣ್ಣನೆಯ ಡಬ್ಬಿ ತೆಗೆದುಕೊಂಡು, ಕಾಲುವೆ ದಂಡೆಯ ಮೂರು ಕ್ಯಾಂಪುಗಳಿಗೆ ಹೋಗಬೇಕು; ಹೊರಗಿನಿಂದ ಬಂದು ನೆಲೆಸಿದವರ ಊರಿಗೆ ನಮ್ಮ ಕಡೆ ಕ್ಯಾಂಪು ಎನ್ನುತ್ತಾರೆ. ಅದರಲ್ಲಿ ಕೊನೆಯದು ಆರ್.ಎಚ್. ಕ್ಯಾಂಪು, ನಿರಾಶ್ರಿತರಾಗಿ ಬಂದ ಬಂಗಾಳಿ ಜನರದ್ದು. ಕಾಲುವೆ ದಂಡೆಯ ಮೇಲೆ ಬಸ್ಸು ಓಡುವುದಿಲ್ಲ, ಟ್ರ್ಯಾಕ್ಟರು ಓಡುತ್ತವೆ.

ಹಾಗಾಗಿ ಗುರುವಾರ ಬಂತೆಂದರೆ ಗಂಡನ ದೊಡ್ಡ ಬೈಕಿನ ಹಿಂದೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆ. ಅವರಿಗೆ ರಾತ್ರಿ ಪಾಳಿ ಇದ್ದ ವಾರ ನಿದ್ದೆಗೆಟ್ಟ ಕಣ್ಣಲ್ಲೇ ಬರುತ್ತಿದ್ದರು. ಮಧ್ಯಾಹ್ನದ ಪಾಳಿ ಇದ್ದ ವಾರ ನನ್ನನ್ನು ಬಿಟ್ಟು, ಕಾದು, ವಾಪಸ್ಸು ಕರೆದುಕೊಂಡು ಬಂದು, ಅಲ್ಲಿಂದ ಹಟ್ಟಿಗೆ ಹೋಗಬೇಕು. ಬೆಳಗಿನ ಪಾಳಿಯ ವಾರ ಬರಲು ಆಗುತ್ತಲೇ ಇರಲಿಲ್ಲ. ನಾನು ಯಾರದೋ ಟ್ರ್ಯಾಕ್ಟರಿಗೋ ಗೊಬ್ಬರದ ಆಟೋಗೋ ಕೈ ಮಾಡುತ್ತ ನಿಲ್ಲುತ್ತಿದ್ದೆ. ಕ್ಯಾಂಪು ಮುಟ್ಟುವ ಹೊತ್ತಿಗೆ ತಾಯಂದಿರು ಕಾದು ಕಾದು ಕೆಲಸಕ್ಕೆ ಹೋಗಿರುತ್ತಿದ್ದರು.

ಆರ್.ಎಚ್. ಕ್ಯಾಂಪಿನಲ್ಲಿ ದೊಡ್ಡ ಬೈಕು ಬೇವಿನ ಮರದ ಕೆಳಗೆ ನಿಂತರೆ ನರ್ಸು ಬಂದಳು ಎಂದು ಅರ್ಥ. ಚಹಾ ಮೊದಲು ಗಂಡನಿಗೆ, ಆಮೇಲೆ ನನಗೆ. ಹನ್ನೆರಡು ಗಂಟೆಯಾಗುತ್ತಿದ್ದ ಹಾಗೆ ಅವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಇನ್ನು ಸ್ವಲ್ಪ ಹೊತ್ತಿಗೆ ಒಂದು ಹಾರ್ನು, ಆಮೇಲೆ ಎರಡು. ಅವರ ಮೇಲೆ ತಪ್ಪು ಹೊರಿಸಲಾರೆ. ಗಣಿಯೊಳಗೆ ಇಳಿಸುವ ಲಿಫ್ಟು ಯಾರ ಹೆಂಡತಿಗೂ ಕಾಯುವುದಿಲ್ಲ. ಆದರೆ ಆ ಹಾರ್ನು ಬರುತ್ತಿದ್ದದ್ದು ಕೆಲಸದ ನಡುವೆಯೇ. ಸೂಜಿ ಕೈಯಲ್ಲಿರುತ್ತಿತ್ತು, ಮಗು ತೊಡೆಯ ಮೇಲಿರುತ್ತಿತ್ತು, ಹಿಂದಿನಿಂದ ಹಾರ್ನು.

ಆ ಕ್ಯಾಂಪಿನಲ್ಲಿ ಒಬ್ಬ ತಾಯಿ ಇದ್ದಳು. ಇಪ್ಪತ್ತು ದಾಟಿರಬಹುದು. ನಾಟಿ ಹಚ್ಚುವ ಹೆಂಗಸರ ಗುಂಪಿನಲ್ಲಿ ಹೋಗುತ್ತಿದ್ದಳು. ನಾಟಿಯಲ್ಲಿ ಒಬ್ಬಳು ನಡುವೆ ಎದ್ದರೆ ಇಡೀ ಸಾಲು ನಿಲ್ಲುತ್ತದೆ, ಆದ್ದರಿಂದ ಗದ್ದೆಯ ಆ ಮಡಿ ಮುಗಿಯುವ ತನಕ ಯಾರೂ ಏಳುವಂತಿಲ್ಲ. ಅವಳು ಊಟದ ಬಿಡುವಿಗೆ ಬದುವಿನ ಮೇಲೆ ಮಲಗಿಸಿದ್ದ ಮಗುವನ್ನು ಎತ್ತಿಕೊಂಡು ಓಡಿ ಬರುತ್ತಿದ್ದಳು. ಒಂದು ಗುರುವಾರ ನಾನು ಹಾರ್ನಿಗೆ ಎದ್ದು ಬೈಕು ಹತ್ತಿದೆ. ತಿರುವಿನಲ್ಲಿ ಹಿಂದೆ ನೋಡಿದರೆ ಬದುವಿನ ಮೇಲೆ ಅವಳು ಮಗುವನ್ನು ಎತ್ತಿ ಹಿಡಿದು ನಿಂತಿದ್ದಳು. "ನಿಲ್ಲಸ್ರಿ" ಎಂದೆ. "ಇವತ್ತು ಲೇಟ್ ಆದ್ರ ನಾಳಿ ಮನ್ಯಾಗ ಕುಂದರಬೇಕು ನಾ" ಎಂದರು. ಬೈಕು ನಿಲ್ಲಲಿಲ್ಲ. ಆ ಮಗುವಿಗೆ ಒಂಬತ್ತು ತಿಂಗಳ ದಡಾರದ ಸೂಜಿ ಬಾಕಿ ಉಳಿಯಿತು. ಆ ವರ್ಷ ಸುತ್ತಲಿನ ಊರುಗಳಲ್ಲಿ ಅಲ್ಲೊಂದು ಇಲ್ಲೊಂದು ದಡಾರ ಕಾಣಿಸಿಕೊಂಡಿತ್ತು.

ಆ ತಿಂಗಳ ಕೊನೆಗೆ ನಮ್ಮ ವೈದ್ಯಾಧಿಕಾರಿ ನನ್ನ ಪಟ್ಟಿಯಲ್ಲಿ ಲಸಿಕೆ ಬಾಕಿ ಉಳಿದ ಹೆಸರುಗಳನ್ನು ನೋಡಿ ಪೆನ್ನು ಮೇಜಿನ ಮೇಲೆ ಇಟ್ಟರು. ಬೈಯುವ ಮನುಷ್ಯನಲ್ಲ, ಅದೇ ಹೆದರಿಕೆ.

"ಸಿಸ್ಟರ್, ನಿಮಗ ಹೋಗಿಬರಾಕ ಆಗಲಾರದಿದ್ರ ಹೇಳ್ರಿ. ಆ ಮೂರೂ ಕ್ಯಾಂಪು ಬ್ಯಾರೆಯವರಿಗೆ ಹಚ್ಚತೀನಿ. ಎಲ್ಲಾ ತಾಯಂದ್ರಿಗೂ ಉಪಕೇಂದ್ರಕ್ಕಽ ಬರ್ರಿ ಅಂದ್ರಾತು."

ಉಪಕೇಂದ್ರಕ್ಕೆ ಬನ್ನಿ ಎಂದರೆ ಯಾರು ಬರುತ್ತಾರೆಂದು ನನಗೆ ಗೊತ್ತಿತ್ತು. ರಸ್ತೆ ಪಕ್ಕದ ಮನೆಯವರು ಬರುತ್ತಾರೆ, ಬೈಕಿರುವವರು ಬರುತ್ತಾರೆ. ನಾಟಿಯ ಸಾಲಿನಿಂದ ಎದ್ದು ಬರುವವಳು ಬರುವುದಿಲ್ಲ. "ಆಗ್ತದ್ರಿ ಸರ್, ಮುಂದಿನ ತಿಂಗಳಿಂದ ನನ್ನ ಗಾಡಿಮ್ಯಾಲ ಹೋಗ್ತೀನಿ" ಎಂದೆ. ನನ್ನ ಹತ್ತಿರ ಗಾಡಿ ಇರಲಿಲ್ಲ. ಓಡಿಸಲೂ ಬರುತ್ತಿರಲಿಲ್ಲ.

ಗಂಡ ಹಟ್ಟಿಯಿಂದ ಬರುವ ದಾರಿಯಲ್ಲಿ ಲಿಂಗಸುಗೂರಿನಲ್ಲಿ ಒಂದು ಸಣ್ಣ ಗಾಡಿ, ಹಳೆಯ ಮೊಪೆಡ್ಡು, ನೋಡಿ ಕೊಂಡು ತಂದರು. ಒಬ್ಬ ತರಕಾರಿ ವ್ಯಾಪಾರಿಯದ್ದು. ಹಿಡಿಕೆಗೆ ಇನ್ನೂ ಕೊತ್ತಂಬರಿಯ ವಾಸನೆ ಇತ್ತು. ನಮ್ಮ ಕಡೆಯ ಈ ಸಣ್ಣ ಗಾಡಿಗಳ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಶೋರೂಮಿನಿಂದ ಬರುವಾಗ ಎಲ್ಲವೂ ಒಂದೇ ಥರ ಇರುತ್ತವೆ. ಗೇರಿಲ್ಲ, ಕಾಲಿಡುವ ಜಾಗದಲ್ಲಿ ಒಂದು ಚೀಲ ಹಿಡಿಯುತ್ತದೆ, ಹಿಂದಿನ ಸೀಟು ನಟ್ಟು ಬಿಚ್ಚಿದರೆ ಕೈಗೆ ಬರುತ್ತದೆ. ತಿಂಗಳು ಕಳೆಯುವುದರೊಳಗೆ ಒಂದು ಇನ್ನೊಂದರ ಹಾಗೆ ಉಳಿಯುವುದಿಲ್ಲ. ಹಾಲಿನವರು ಎರಡೂ ಬದಿ ಕೊಕ್ಕೆ ಹಾಕಿಸಿ ಕ್ಯಾನು ತೂಗಿಬಿಡುತ್ತಾರೆ. ಕ್ಯಾಂಪಿನ ಮೀನಿನವರು ಹಿಂದಿನ ಸೀಟಿನ ಜಾಗದಲ್ಲಿ ಥರ್ಮೋಕೋಲ್ ಪೆಟ್ಟಿಗೆ ಕಟ್ಟುತ್ತಾರೆ. ಗದ್ದೆಗೆ ಔಷಧಿ ಹೊಡೆಯುವವರು ಪಂಪು ಕೂರಲು ಕಬ್ಬಿಣದ ತೊಟ್ಟಿಲು ಮಾಡಿಸುತ್ತಾರೆ. ಕಾಲುವೆ ಊರಿನವರಂತೂ ಮುಂದಿನ ಮಡ್‌ಗಾರ್ಡನ್ನು ಮೇಲಕ್ಕೆ ಎತ್ತಿಸದೆ ಬಿಡುವುದಿಲ್ಲ. ಇಲ್ಲದಿದ್ದರೆ ಎರೆಮಣ್ಣು ಗಾಲಿಗೂ ಅದಕ್ಕೂ ನಡುವೆ ತುಂಬಿ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಗಾಡಿ ನೋಡಿದರೆ ಸಾಕು, ಇವರು ಏನು ಕೆಲಸದವರು ಎಂದು ಹೇಳಬಹುದು.

ನನ್ನ ಗಾಡಿಗೆ ಮೊದಲು ಬೇಕಾದದ್ದು ಪೆಟ್ಟಿಗೆಯೂ ಅಲ್ಲ, ಕೊಕ್ಕೆಯೂ ಅಲ್ಲ. ನನಗೆ ನೆಲ ಬೇಕಿತ್ತು. ಸೀಟಿನ ಮೇಲೆ ಕೂತರೆ ಒಂದು ಕಾಲಿನ ಹೆಬ್ಬೆರಳು ಮಾತ್ರ ನೆಲಕ್ಕೆ ತಾಗುತ್ತಿತ್ತು, ಇನ್ನೊಂದು ಗಾಳಿಯಲ್ಲಿ. ಮಸ್ಕಿಯ ಹೊರಗಿನ ಖಾಲಿ ಪ್ಲಾಟಿನಲ್ಲಿ ಗಂಡ ಹಿಂದಿನಿಂದ ಹಿಡಿದುಕೊಂಡು ಕಲಿಸಿದರು. ಓಡಿಸುವುದು ಒಂದು ವಾರಕ್ಕೆ ಬಂತು. ನಿಲ್ಲಿಸುವುದು ಬರಲಿಲ್ಲ. ನಿಲ್ಲಿಸಿದ ಕೂಡಲೇ ಅವರು ಓಡಿ ಬಂದು ಹಿಡಿಯಬೇಕು, ಇಲ್ಲದಿದ್ದರೆ ನಾನು ಗಾಡಿಯ ಸಮೇತ ಒಂದು ಕಡೆ ವಾಲುತ್ತಿದ್ದೆ.

ಸಿಂಧನೂರಿನಲ್ಲಿ ರೈಸ್ ಮಿಲ್ಲುಗಳ ರಸ್ತೆಯಲ್ಲಿ ಸೀಟು ಹೊಲಿಯುವ ಒಬ್ಬರಿದ್ದಾರೆ. ಎಲ್ಲರಿಗೂ ಚಾಚಾ. ಸ್ಪಂಜು ಕೊಯ್ದು, ಸೀಟಿನ ಕೆಳಗಿನ ಕಬ್ಬಿಣ ಇಳಿಸಿ, ಹೊಸ ರೆಗ್ಜಿನ್ ಹಾಕಿ ಯಾವ ಗಾಡಿಯನ್ನಾದರೂ ಯಾರ ಮೈಗಾದರೂ ಕೂರಿಸುತ್ತಾರೆ. ಗಂಡ ಅವರನ್ನು ಕಂಡು ಬಂದರು. "ಅಳತಿ ಕೇಳ್ಯಾರ" ಎಂದು ಜೇಬಿನಿಂದ ಅಕ್ಕಿ ಚೀಲ ಹೊಲಿಯುವ ಒಂದು ಮಾರು ದಾರ ತೆಗೆದರು.

ಗಂಡಸರಾದರೆ ಅಂಗಡಿಯಲ್ಲೇ ಗಾಡಿಯ ಮೇಲೆ ಕೂತು ಅಳತೆ ಕೊಡುತ್ತಾರೆ. ಹೆಂಗಸರದ್ದಾದರೆ ಮನೆಯಿಂದ ದಾರ ಹೋಗುತ್ತದೆ. ದರ್ಜಿಗೆ ಹಳೆಯ ಬ್ಲೌಸು ಕಳಿಸುವ ಹಾಗೆ. ಅದರಲ್ಲಿ ತಪ್ಪೇನಿದೆ ಎಂದು ಆಗ ಯಾರಿಗೂ ಅನಿಸಿರಲಿಲ್ಲ, ನನಗೂ ಅನಿಸಲಿಲ್ಲ. ಅಡುಗೆಮನೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತೆ. ಗಂಡ ದಾರ ಹಿಡಿದು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತರು.

"ಎಲ್ಲಿಂದ ಹಿಡೀಲಿ?"

"ನನಗೇನ್ ಗೊತ್ತು?"

"ಕಾಲಿನ ಅಳತಿ ಅಂದಾರ."

ಕಾಲು ಎಲ್ಲಿಂದ ಶುರುವಾಗುತ್ತದೆಂದು ನರ್ಸಾದ ನನಗೆ ಗೊತ್ತಿರಲಿಲ್ಲವೆಂದಲ್ಲ. ದಿನಕ್ಕೆ ಹತ್ತು ಹೆಂಗಸರ ಹತ್ತಿರ ಮೈಯ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡುವವಳು ನಾನು. ಆದರೆ ಬೆಳಗಿನ ಬೆಳಕಿನಲ್ಲಿ, ಕಿಟಕಿ ತೆರೆದಿಟ್ಟ ಅಡುಗೆಮನೆಯಲ್ಲಿ, ಸ್ವಂತ ಗಂಡನ ಮುಂದೆ ಚೀಲದ ದಾರ ಹಿಡಿದುಕೊಂಡು ನಾಚಿಕೆಯಾಯಿತು. "ಲಂಗಕ್ಕ ಅಳತಿ ತಗೊಂಡಂಗ ತಗೋರಿ" ಎಂದುಬಿಟ್ಟೆ. ದಾರದ ತುದಿಯನ್ನು ಲಂಗದ ಲಾಡಿಯ ಹತ್ತಿರ ನಾನೇ ಒತ್ತಿ ಹಿಡಿದೆ. ಅವರು ಹಿಮ್ಮಡಿಯ ಹತ್ತಿರ ಗಂಟು ಹಾಕಿ, ಎದ್ದು, ಬಾಗಿಲಲ್ಲಿ ಬಗ್ಗಿ ಹೊರಗೆ ಹೋದರು.

ಗಾಡಿ ಸಿಂಧನೂರಿಗೆ ಹೋಗಿ ಬಂತು. ಹೊಸ ಮೆರೂನ್ ಬಣ್ಣದ ರೆಗ್ಜಿನ್, ಅಂಚಿಗೆ ಬಿಳಿ ಹೊಲಿಗೆ, ನೋಡಲು ಚೆಂದ. ಕೂತೆ. ಒಂದು ಹೆಬ್ಬೆರಳಿನ ಜಾಗದಲ್ಲಿ ಎರಡು ಹೆಬ್ಬೆರಳು ಮುಟ್ಟಿದವು. "ಚಾಚಾ ಇದಕ್ಕಿಂತ ಇಳಿಸೋದು ಬ್ಯಾಡ ಅಂದ್ರು. ದಾರ ನೋಡಿ, ಇಷ್ಟು ಸಾಕಲ್ಲ ಅಂದ್ರು" ಎಂದರು ಗಂಡ. ಚಾಚಾ ಅಷ್ಟು ದೊಡ್ಡ ಕೆಲಸಗಾರರು, ಅವರು ಸಾಕೆಂದ ಮೇಲೆ ಸಾಕಿರಬಹುದು, ನನ್ನ ಕಾಲಿನದೇ ತಪ್ಪು ಎಂದುಕೊಂಡೆ.

ಎರಡು ಗುರುವಾರ ಸುಸೂತ್ರವಾಗಿ ಹೋಯಿತು. ಸುಸೂತ್ರ ಎಂದರೆ ನಾನು ಎಲ್ಲಿಯೂ ನಿಲ್ಲದೆ ಹೋದೆ. ನಿಲ್ಲಿಸಬೇಕಾದಲ್ಲಿ ಕಟ್ಟೆಯೋ ಕಲ್ಲೋ ಇದೆಯೇ ಎಂದು ದೂರದಿಂದಲೇ ನೋಡಿಕೊಂಡು ಅದರ ಪಕ್ಕಕ್ಕೆ ಹೋಗಿ ಕಾಲು ಇಡುತ್ತಿದ್ದೆ. ಇಡೀ ದಾರಿಯನ್ನು ಕಟ್ಟೆಗಳ ಲೆಕ್ಕದಲ್ಲಿ ಬಾಯಿಪಾಠ ಮಾಡಿದ್ದೆ. ಆ ಎರಡೂ ವಾರ ನಾಟಿಯ ಗುಂಪು ದೂರದ ಊರಿಗೆ ಹೋಗಿತ್ತು. ಆ ತಾಯಿ ಸಿಗಲಿಲ್ಲ. ಮೂರನೇ ಗುರುವಾರ ಸಿಗುತ್ತಾಳೆ, ಕ್ಯಾಂಪಿನ ಪಕ್ಕದ ಗದ್ದೆಯಲ್ಲೇ ನಾಟಿಯಿದೆ ಎಂದು ಗೊತ್ತಾಯಿತು. ಅವತ್ತು ಡಬ್ಬಿಗೆ ಐಸು ತುಂಬುವಾಗ ಅವಳ ಮಗುವೇ ಕಣ್ಣ ಮುಂದಿತ್ತು.

ನಾಟಿಯ ಕಾಲದಲ್ಲಿ ನಮ್ಮ ಕಾಲುವೆ ರಸ್ತೆಗಳು ರಸ್ತೆಯಾಗಿ ಉಳಿಯುವುದಿಲ್ಲ. ಗದ್ದೆ ತುಳಿದು ರೊಜ್ಜು ಕೆಸರು ಮಾಡುವ ಕಬ್ಬಿಣದ ಗಾಲಿಯ ಟ್ರ್ಯಾಕ್ಟರುಗಳು ಒಂದು ಗದ್ದೆಯಿಂದ ಎದ್ದು ಇನ್ನೊಂದಕ್ಕೆ ಹೋಗುವಾಗ ಅರ್ಧ ಗದ್ದೆಯನ್ನೇ ರಸ್ತೆಗೆ ಸುರಿದು ಹೋಗುತ್ತವೆ. ಆರ್.ಎಚ್. ಕ್ಯಾಂಪಿಗೆ ಇನ್ನು ಸ್ವಲ್ಪ ದೂರ ಇರುವಾಗ ಅಂಥದೊಂದು ಟ್ರ್ಯಾಕ್ಟರು ಎದುರಿಗೆ ಬಂತು. ದಾರಿ ಕಿರಿದು, ಒಂದು ಬದಿ ಕಾಲುವೆ, ಇನ್ನೊಂದು ಬದಿ ಗದ್ದೆಗೆ ನೀರು ಬಿಡುವ ಸಣ್ಣ ಕಾಲುವೆ. ಕಟ್ಟೆಯಿಲ್ಲ, ಕಲ್ಲಿಲ್ಲ. ಬ್ರೇಕು ಹಿಡಿದೆ. ಎಡಗಾಲು ಚಾಚಿದೆ. ಪಾದ ನೆಲ ಹುಡುಕಿತು. ಸಿಕ್ಕಿದ್ದು ಜಾರುವ ಕೆಸರಿನ ಮೇಲ್ಪದರು. ನಾನು, ಗಾಡಿ, ಡಬ್ಬಿ ಮೂವರೂ ಸಣ್ಣ ಕಾಲುವೆಗೆ ಬಿದ್ದೆವು.

ಪೆಟ್ಟು ಹೆಚ್ಚೇನೂ ಆಗಲಿಲ್ಲ. ಮೊಣಕೈ ತರಚಿತು, ಮಂಡಿ ಬಾತುಕೊಂಡಿತು. ಮೊದಲು ನೋಡಿದ್ದು ಡಬ್ಬಿಯನ್ನು. ಮುಚ್ಚಳ ತೆರೆದುಕೊಂಡು ನೀರಿನಲ್ಲಿ ಮಗುಚಿಕೊಂಡಿತ್ತು. ಐಸಿನ ಪೊಟ್ಟಣಗಳು ತೇಲುತ್ತಿದ್ದವು, ಸಣ್ಣ ಸಣ್ಣ ಬಾಟಲಿಗಳು ಕೆಸರಿನಲ್ಲಿದ್ದವು. ಗದ್ದೆಯಿಂದ ನಾಟಿಯ ಹೆಂಗಸರು ಸಸಿಯ ಕಟ್ಟು ಬಿಸಾಡಿ ಓಡಿ ಬಂದು ನನ್ನನ್ನು ಕಂಕುಳಿಗೆ ಕೈಹಾಕಿ ಎತ್ತಿದರು. ಆ ಕೈಗಳಲ್ಲಿ ಒಂದು ಆ ತಾಯಿಯದು. ಅವಳು ನನ್ನ ಮುಖ ನೋಡಲಿಲ್ಲ, ಡಬ್ಬಿಯನ್ನೇ ನೋಡುತ್ತಿದ್ದಳು.

"ಇವತ್ತೂ ಇಲ್ಲೇನು, ದಿದಿ?"

ಅಕ್ಕ ಎನ್ನುವುದಕ್ಕೆ ಅವರು ದಿದಿ ಎನ್ನುತ್ತಾರೆ. ಕಾಲುವೆ ನೀರು ಹೊಕ್ಕ ಲಸಿಕೆಯನ್ನು ಯಾವ ಮಗುವಿಗೂ ಹಾಕುವಂತಿರಲಿಲ್ಲ. "ಇಲ್ಲವ್ವ" ಎಂದೆ. ನನಗೆ ಅಳು ಬಂತು. ನಾನು ಸಿಟ್ಟಿನವಳು, ಅಳುವವಳಲ್ಲ; ಆದರೂ ಅಷ್ಟು ಹೆಂಗಸರ ನಡುವೆ ಕೆಸರು ಮೆತ್ತಿಕೊಂಡ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಗುಂಪಿನ ಒಬ್ಬ ಹಿರಿಯ ಹೆಂಗಸು ಗಾಡಿಯನ್ನು ಎತ್ತಿ ನಿಲ್ಲಿಸುತ್ತ, "ಕಾಲು ಮುಟ್ಟಲಾರದ ಗಾಡಿ ಕೊಟ್ಟು ಯಾರವ್ವ ನಿನ್ನ ಕಳಿಸ್ಯಾರ?" ಎಂದು ಕೇಳಿದಳು.

ವೈದ್ಯಾಧಿಕಾರಿ ಫೋನಿನಲ್ಲಿ ಮೊದಲು ಪೆಟ್ಟಾಗಿದೆಯೇ ಎಂದು ಕೇಳಿದರು. ಆಮೇಲೆ, "ಮುಂದಿನ ಗುರುವಾರ ಒಂದು ನೋಡೋಣ ಸಿಸ್ಟರ್. ಅವತ್ತೂ ಆಗಲಿಲ್ಲಂದ್ರ ಬ್ಯಾರೆ ವ್ಯವಸ್ಥಾ ಮಾಡ್ತೀನಿ" ಎಂದರು. ಒಳ್ಳೆಯ ಮಾತಿನಲ್ಲೇ ಹೇಳಿದರು. ನನ್ನ ಪಾಲಿಗೆ ಒಂದು ವಾರ ಉಳಿಯಿತು.

ಗಂಡ ಪಾಳಿ ಮುಗಿಸಿ ಬಂದವರು ನನ್ನ ಮೊಣಕೈ ನೋಡಿದರು, ಅಂಗಳಕ್ಕೆ ಹೋಗಿ ಕಡ್ಡಿಯಿಂದ ಗಾಲಿಯ ಕೆಸರು ಕೆತ್ತತೊಡಗಿದರು. ಬಹಳ ಹೊತ್ತು ಕೆತ್ತಿದರು.

"ಇದನ್ನ ಮಾರೋಣು. ನಾನಽ ಬಿಡ್ತೀನಿ ನಿನ್ನ, ಹೆಂಗರ ಮಾಡಿ."

"ಯಾಕ, ಹಾರ್ನ್ ಹೊಡಿಯಾಕ?"

ಅಂದ ಮೇಲೆ ಅನ್ನಬಾರದಿತ್ತು ಅನಿಸಿತು. ಅವರು ಕಡ್ಡಿಯನ್ನು ಕೆಳಗಿಟ್ಟರು.

"ಕೆಳಗ ಇಳದ ಮ್ಯಾಲ ಫೋನ್ ಹತ್ತಂಗಿಲ್ಲ. ನೀ ಮುಂಜಾನೆ ಬಿದ್ದೀದಿ. ನನಗ ಮ್ಯಾಲ ಬಂದ ಮ್ಯಾಲ ಗೊತ್ತಾತು. ಅಷ್ಟೂ ತಾಸು ನಾ ನಕ್ಕೋಂತ ಕೆಲಸ ಮಾಡೀನಿ."

ಅವರು ಹಾಗೆ ನೇರವಾಗಿ ಮಾತಾಡಿದ್ದನ್ನು ನಾನು ಕಂಡಿದ್ದು ಕಡಿಮೆ. ಪಕ್ಕದಲ್ಲಿ ಕೂತೆ. ಗಾಡಿ ಮಾರುವುದಿಲ್ಲ, ಆದರೆ ಕಾಲು ಮುಟ್ಟದೆ ಇನ್ನೊಮ್ಮೆ ಅದನ್ನು ಆ ದಾರಿಗೆ ಒಯ್ಯುವುದಿಲ್ಲ ಎಂದು ಮಾತು ಕೊಟ್ಟೆ. ಚಾಚಾನ ಹತ್ತಿರ ನಾಳೆ ನಾನೇ ಹೋಗುತ್ತೇನೆ ಎಂದೂ ಹೇಳಿದೆ. "ಅಲ್ಲಿ ಗಂಡಸರು ಕುಂತಿರ್ತಾರ" ಎಂದರು. "ಕುಂದರಲಿ, ಅವರ ಕುರ್ಚಿ ನಾ ಕೇಳಂಗಿಲ್ಲ" ಎಂದೆ.

ಅಂಗಡಿಯ ಮುಂದೆ ಕುರ್ಚಿಗಳ ಮೇಲೆ ನಾಲ್ಕೈದು ಜನ ಗಂಡಸರು ನಿಜವಾಗಿಯೂ ಕೂತಿದ್ದರು. ಮಿಲ್ಲಿನ ತೌಡಿನ ಧೂಳು ಎಲ್ಲದರ ಮೇಲೂ ಇತ್ತು. ನಾನು ಗಾಡಿಯನ್ನು ಮೆಟ್ಟಿಲ ಪಕ್ಕಕ್ಕೆ ತಂದು, ಮೆಟ್ಟಿಲಿಗೆ ಕಾಲಿಟ್ಟು ನಿಲ್ಲಿಸಿ ಇಳಿದೆ. ಚಾಚಾ ಕನ್ನಡಕ ಮೇಲೆತ್ತಿ ಮೊದಲು ಸೀಟನ್ನು ಗುರುತು ಹಿಡಿದರು, ಆಮೇಲೆ ಮೊಣಕೈಯ ಪಟ್ಟಿ ನೋಡಿದರು.

"ಬಾಯಾರ, ಯಜಮಾನ್ರು ಬರಲಿಲ್ಲೇನ್ರಿ? ಅವರನ್ನ ಕಳಸ್ರಿ, ಅವರ ಮುಂದ ಮಾತಾಡ್ತೀನಿ."

"ಬಿದ್ದಾಕಿ ನಾನು, ಚಾಚಾ. ಅವರ ಕಾಲು ಹೆಂಗಿದ್ರೂ ನೆಲ ಮುಟ್ಟತಾವ."

ಕುರ್ಚಿಯವರಲ್ಲಿ ಒಬ್ಬರು ಕೆಮ್ಮಿದರು. ಚಾಚಾನಿಗೆ ತಮ್ಮ ಕೆಲಸದ ಮೇಲೆ ಮಾತು ಬಂತೆಂದು ನೋವಾಯಿತು. ಒಳಗೋಡೆಗೆ ಎರಡು ಮೊಳೆಗಳಿದ್ದವು. ಒಂದರಲ್ಲಿ ಗಂಡಸರ ಅಳತೆಯ ದಾರಗಳು, ಇನ್ನೊಂದರಲ್ಲಿ ಮನೆಗಳಿಂದ ಬಂದ ಹೆಂಗಸರ ದಾರಗಳು. ಪ್ರತಿಯೊಂದಕ್ಕೂ ಆಯಾ ಸೀಟಿನ ರೆಗ್ಜಿನ್ ಚೂರು ಕಟ್ಟಿದೆ. ಒಮ್ಮೆ ಹೊಲಿದುಕೊಟ್ಟ ಸೀಟಿನ ಅಳತೆಯನ್ನು ಅವರು ಎಸೆಯುವುದಿಲ್ಲವಂತೆ. ಮೆರೂನ್ ಚೂರಿನ ದಾರ ಬಿಡಿಸಿ ನನ್ನ ಕೈಗೆ ಕೊಟ್ಟರು.

"ನೋಡ್ರಿ, ನಿಮ್ಮ ಮನಿಯಿಂದ ಬಂದ ಅಳತಿ. ಇದರ ಪ್ರಕಾರ ಸೀಟು ಇನ್ನಾ ಎರಡು ಬೆರಳು ಕೆಳಗಽ ಐತಿ."

ನಾನು ಗಂಟನ್ನು ಹಿಮ್ಮಡಿಯ ಕೆಳಗೆ ಮೆಟ್ಟಿ ದಾರವನ್ನು ಮೇಲಕ್ಕೆ ಎಳೆದೆ. ಅದು ಸೊಂಟಕ್ಕೆ ಬಂತು. ಚಾಚಾ ನೋಡಿದರು. ಇನ್ನೊಮ್ಮೆ ನೋಡಿದರು. ಆಮೇಲೆ ಸಟ್ಟನೆ ಮುಖ ತಿರುಗಿಸಿದರು, ಕಿವಿ ಕೆಂಪಾಗಿತ್ತು. ಅವರು ಇಷ್ಟು ದಿನ ಆ ದಾರವನ್ನು ತೊಡೆಯ ಸಂದಿನಿಂದ ಹಿಮ್ಮಡಿಯ ತನಕದ ಅಳತೆ ಎಂದು ತಿಳಿದಿದ್ದರು. ಗಿಡ್ಡ ಹೆಂಗಸು ಎಂದು ಹೇಳಿ ಇಷ್ಟುದ್ದದ ದಾರ ಯಾಕೆ ತಂದರು ಎಂದು ಅನುಮಾನ ಬಂದಿತ್ತಂತೆ. ಆದರೆ ಒಬ್ಬ ಗಂಡಸನ್ನು ಎದುರಿಗೆ ನಿಲ್ಲಿಸಿಕೊಂಡು, ನಿಮ್ಮ ಮನೆಯವರ ಮೈಮೇಲೆ ಎಲ್ಲಿಂದ ಹಿಡಿದಿರಿ ಎಂದು ಕೇಳುವುದು ಹೇಗೆ? ಅವರು ಕೇಳಲಿಲ್ಲ. ಗಂಡ ಹೇಳಲಿಲ್ಲ. ನಾನಂತೂ ತುದಿಯನ್ನು ಲಾಡಿಗೆ ಹಿಡಿದುಕೊಂಡು ನಿಂತವಳೇ. ಮೂವರೂ ಮರ್ಯಾದಸ್ಥರು, ಮೂವರೂ ಸೇರಿ ಲಸಿಕೆಯ ಡಬ್ಬಿಯನ್ನು ನೀರಿಗೆ ಹಾಕಿದ್ದೆವು.

ನನಗೆ ನಗು ತಡೆಯಲಾಗಲಿಲ್ಲ. ಚಾಚಾ ನಗಲಿಲ್ಲ. ಅವರು ಎರಡನೆಯ ಮೊಳೆಯನ್ನು ನೋಡುತ್ತಿದ್ದರು. ಹಸಿರು ಚೂರು, ಕರಿ ಚೂರು, ನೀಲಿ ಚೂರು. ಟೀಚರುಗಳದ್ದು, ಅಂಗನವಾಡಿಯವರದ್ದು, ತರಕಾರಿಯವರದ್ದು.

"ಯಾ ಅಲ್ಲಾ" ಎಂದರು ಮೆಲ್ಲಗೆ. "ಹಂಗಾರ ಇವೆಲ್ಲಾ?"

ಆಮೇಲೆ ಒಳಗಿನ ಪರದೆಯ ಕಡೆಗೆ ತಿರುಗಿ, "ಅಜೀ, ಜರಾ ಬಾಹರ್ ಆವ್" ಎಂದು ಕೂಗಿದರು. ಹೊರಗೆ ಬಂದವರು ಚಾಚಿ, ಅವರ ಹೆಂಡತಿ. ನನ್ನಷ್ಟೇ ಎತ್ತರ, ಸೆರಗಿನಲ್ಲಿ ದಪ್ಪನೆಯ ಸೂಜಿ ಚುಚ್ಚಿಕೊಂಡಿದ್ದರು. ಆಗ ತಿಳಿಯಿತು: ಸಿಂಧನೂರಿನಲ್ಲಿ ಓಡಾಡುವ ಅರ್ಧ ಸೀಟುಗಳ ಹೊಲಿಗೆ ಆ ಪರದೆಯ ಹಿಂದೆ ಇವರ ಮಷೀನಿನಲ್ಲಿ ಆದದ್ದು. ಸಂಗತಿ ಕೇಳಿ ಅವರು ಗಂಡನಿಗೆ ಕೈ ಬೀಸಿದರು.

"ಹೆಣ್ಮಕ್ಕಳ ಗಾಡಿ ಬಂದ್ರ ಒಳಗ ಕಳಸ್ರಿ, ನಾ ನೋಡ್ತೀನಿ ಅಂತ ಎಷ್ಟು ಸಲ ಹೇಳೀನಿ. ಕೇಳಿದ್ರ ಅಲ್ಲ. ಬಾ ಬೇಟಿ, ನೀ ಗಾಡಿ ತಗೊಂಡು ಒಳಗ ಬಾ."

ಪಕ್ಕದ ಓಣಿಯಿಂದ ಗಾಡಿಯನ್ನು ಅವರ ಅಂಗಳಕ್ಕೆ ತಳ್ಳಿಕೊಂಡು ಹೋದೆವು. ಚಾಚಿ ಮೊದಲು ಕೇಳಿದ ಮಾತು, "ದಿನಾ ಇದಽ ಸೀರಿ ಉಟ್ಟು ಹೊಡೀತಿಯೇನು? ಇದಽ ಚಪ್ಪಲ್?" ಅಷ್ಟು ದಿನದಲ್ಲಿ ಯಾರೂ ಕೇಳಿರಲಿಲ್ಲ. ನನ್ನನ್ನು ಕೂರಿಸಿ, ನೆರಿಗೆ ಸರಿಸಿ, ಸುತ್ತ ಎರಡು ಸಲ ನಡೆದು ನೋಡಿದರು.

"ಎತ್ತರ ಒಂದಽ ಅಲ್ಲ. ಮುಂದ ಸೀಟು ಅಗಲ ಐತಿ. ತೊಡಿ ಅಗಲ ಆದ್ರ ಕಾಲು ಗಿಡ್ಡ ಆಗ್ತಾವ" ಎಂದು ಸೀಟಿನ ಮೂತಿಯ ಎರಡೂ ಬದಿಗೆ ಸೀಮೆಸುಣ್ಣದ ಗೀರು ಎಳೆದರು. ಆಮೇಲೆ ಯಾವ ಸಂಕೋಚವೂ ಇಲ್ಲದೆ ಹೊಸ ದಾರದಿಂದ ಅಳತೆ ತೆಗೆದರು. ಪರದೆಯಾಚೆ ನಿಂತ ಚಾಚಾನಿಗೆ ಇಷ್ಟು ಕೊಯ್ಯಿರಿ, ಕಬ್ಬಿಣ ಇಷ್ಟು ಇಳಿಸಿರಿ ಎಂದು ಇವರು ಹೇಳುತ್ತ ಹೋದರು, ಅವರು ಹೂಂ ಎನ್ನುತ್ತ ಹೋದರು. ಕೆಲಸ ನಡೆಯುವಾಗ ನನಗೆ ಅಲ್ಲೇ ಊಟ. ಸಂಜೆಯ ನಮಾಜಿಗೆ ಮುಂಚೆ ಸೀಟು ಕೂತಿತು. ಹತ್ತಿದೆ. ಎರಡೂ ಪಾದ, ಹಿಮ್ಮಡಿಯ ಸಮೇತ, ಅಂಗಳದ ಬಂಡೆಗಲ್ಲಿನ ಮೇಲೆ ಊರಿದವು. ನನಗೆ ಎಷ್ಟು ಸಂತೋಷವಾಯಿತೆಂದರೆ ಇಳಿಯಲು ಮನಸ್ಸಾಗಲಿಲ್ಲ.

"ನೀವೂ ಕುಂದರ್ರಿ ಚಾಚಿ, ಒಂದು ಸಲ" ಎಂದೆ. "ನಕ್ಕೋ, ನಕ್ಕೋ" ಎಂದರು. ಬೇಡ ಬೇಡ ಎನ್ನುತ್ತಲೇ ಹತ್ತಿ ಕೂತರು. ಹಿಡಿಕೆ ಹಿಡಿದು ಕೆಳಗೆ ನೋಡಿಕೊಂಡರು. ಅವರ ಪಾದಗಳೂ ಊರಿದ್ದವು. "ಇಷ್ಟು ವರ್ಷ ಹೊಲದೀನಿ. ಕುಂತಿದ್ದಿಲ್ಲ ನೋಡು" ಎಂದು ಇಳಿದು ಸೆರಗು ಸರಿಮಾಡಿಕೊಂಡರು.

ಮನೆಗೆ ಬಂದಾಗ ಗಂಡ ಗಾಡಿ ಹತ್ತಿ ನೋಡಿದರು. ಮಂಡಿಗಳು ಹಿಡಿಕೆಗೆ ತಾಗಿ, ಕಪ್ಪೆ ಕೂತ ಹಾಗೆ ಕಂಡರು. ದಾರದ ಕಥೆ ಕೇಳಿ ಬಹಳ ಹೊತ್ತು ನಕ್ಕರು, ಆಮೇಲೆ "ನಾ ಕೇಳಬೇಕಿತ್ತು" ಎಂದರು. "ನಾ ಹೇಳಬೇಕಿತ್ತು" ಎಂದೆ. ರಜೆಯ ದಿನ ಅವರೇ ಕೂತು ಮುಂದಿನ ಮಡ್‌ಗಾರ್ಡ್ ಎತ್ತಿ ಬಿಗಿದರು, ಹಿಂದಿನ ಸೀಟು ಬಿಚ್ಚಿ ಅಲ್ಲಿ ಡಬ್ಬಿಗೆ ಕಬ್ಬಿಣದ ಕಟಾಂಜನ ಮಾಡಿ, ಮುಚ್ಚಳ ಅಲುಗದ ಹಾಗೆ ಸೈಕಲ್ ಟ್ಯೂಬಿನ ಪಟ್ಟಿ ಎಳೆದು ಕಟ್ಟಿದರು. ಆಮೇಲೆ ಆ ಗಾಡಿಯ ಮೇಲೆ ನನ್ನ ಹೊರತು ಇನ್ನೊಬ್ಬರು ಕೂರುವಂತಿರಲಿಲ್ಲ.

ಗುರುವಾರ ಬಂತು. ಎರಡು ಕ್ಯಾಂಪು ಮುಗಿಸಿ ಹೊರಟರೆ ಅದೇ ದಾರಿ, ಅದೇ ಕೆಸರು. ಬಿದ್ದ ಜಾಗಕ್ಕಿಂತ ಸ್ವಲ್ಪ ಈಚೆಗೆ ಕಬ್ಬಿಣದ ಗಾಲಿಯ ಟ್ರ್ಯಾಕ್ಟರು ಎದುರಾಯಿತು. ಬ್ರೇಕು ಹಿಡಿದು ಎರಡೂ ಕಾಲು ಇಳಿಸಿದೆ. ಪಾದ ಕೆಸರಿನೊಳಗೆ ಕಣಕಾಲಿನ ತನಕ ಹೋಗಿ, ಕೆಳಗೆ ಗಟ್ಟಿ ನೆಲ ಸಿಕ್ಕಿತು. ನಿಂತೆ. ಟ್ರ್ಯಾಕ್ಟರು ಹೋಯಿತು. ಕಾಲು ಕಿತ್ತು ಮುಂದೆ ಹೊರಟೆ.

ಆರ್.ಎಚ್. ಕ್ಯಾಂಪು ಸೇರಿದಾಗ ಗಾಡಿಯನ್ನು ಬೇವಿನ ಮರದ ಕೆಳಗೆ ಬಿಡದೆ, ಅಂಗನವಾಡಿಯ ಜಗುಲಿಗೇ ಹಚ್ಚಿ ನಿಲ್ಲಿಸಿದೆ. ಒಂದೇ ಕಪ್ಪು ಚಹಾ ಬಂತು, ನನಗೆ. ಒಂದಾದ ಮೇಲೊಂದು ಮಗು ಬಂತು, ಅತ್ತಿತು, ಹೋಯಿತು. ಹನ್ನೆರಡು ದಾಟಿತು. ಹಾರ್ನು ಹೊಡೆಯುವವರು ಇರಲಿಲ್ಲ. ಪಟ್ಟಿಯಲ್ಲಿ ಒಂದು ಹೆಸರು ಉಳಿದಿತ್ತು. "ಆಕಿ ಬರಲಿಕ್ಕಿಲ್ಲ ಸಿಸ್ಟರ್, ಡಬ್ಬಿ ಕಟ್ರಿ" ಎಂದಳು ಅಂಗನವಾಡಿಯವಳು. ಐಸು ಇನ್ನೂ ಗಟ್ಟಿಯಿತ್ತು. ಬರುತ್ತಾಳೆ ಎಂದು ಕೂತೆ.

ಒಂದು ಗಂಟೆಯ ಬಿಸಿಲಿನಲ್ಲಿ ದೂರದ ಬದುವಿನ ಮೇಲೆ ಅವಳು ಕಾಣಿಸಿದಳು. ಮಗುವನ್ನು ಸೊಂಟಕ್ಕೆ ಒತ್ತಿಕೊಂಡು ಓಡಿ ಬರುತ್ತಿದ್ದಳು. ಅರ್ಧ ದಾರಿಯಲ್ಲಿ ಬೇವಿನ ಮರದ ಕಡೆ ನೋಡಿದಳು. ಓಟ ನಿಲ್ಲಿಸಿದಳು. ಒಂದು ಕ್ಷಣ ನಿಂತು, ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು, ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿದಳು.

ಮರದ ಕೆಳಗೆ ದೊಡ್ಡ ಬೈಕು ಇಲ್ಲ. ನರ್ಸು ಹೋಗಿಬಿಟ್ಟಳು ಎಂದುಕೊಂಡಳು. ನಾನು ಕೂಗಿದೆ, ಪಂಪ್‌ಸೆಟ್ಟಿನ ಸದ್ದಿಗೆ ಕೇಳಿಸಲಿಲ್ಲ. ಜಗುಲಿಯಿಂದ ಹಾರಿ ಗಾಡಿಯ ಹತ್ತಿರ ಓಡಿ ಹಾರ್ನಿನ ಗುಂಡಿಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದೆ. ಸಣ್ಣ ಗಾಡಿಯ ಸಣ್ಣ ಹಾರ್ನು, ಆದರೂ ಒತ್ತಿದ ಬೆರಳು ತೆಗೆಯಲಿಲ್ಲ. ಅವಳು ತಿರುಗಿ ನೋಡಿದಳು. ನಾನು ಇನ್ನೊಂದು ಕೈ ಎತ್ತಿ ಬೀಸಿದೆ.

ಮೊಣಕೈ ತನಕ ಕೆಸರು ಮೆತ್ತಿದ್ದ ಕೈಯಲ್ಲೇ ಮಗುವನ್ನು ನನ್ನ ತೊಡೆಗೆ ದಾಟಿಸಿದಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ಅವತ್ತು ಬಿದ್ದ ಮ್ಯಾಲ ದೊಡ್ಡ ಗಾಡಿಮ್ಯಾಲಽ ಬರ್ತೀರಿ ಅನ್ಕೊಂಡೆ, ಅದು ಕಾಣಲಿಲ್ಲ ದಿದಿ. ಹೋಗೀರಿ ಅಂತ ಮಾಡಿದ್ದೆ."

"ಇನ್ ಮ್ಯಾಲ ಸಣ್ಣ ಗಾಡಿ ನೋಡವ್ವ. ಅದು ಇದ್ರ ನಾ ಇರ್ತೀನಿ."

ಮಗು ಸೂಜಿಗೆ ಕ್ಯಾಂಪೆಲ್ಲ ಕೇಳುವಂತೆ ಅತ್ತಿತು. ಪಟ್ಟಿಯ ಕೊನೆಯ ಹೆಸರಿನ ಮುಂದೆ ಗುರುತು ಹಾಕಿ, ಡಬ್ಬಿಯ ಮುಚ್ಚಳಕ್ಕೆ ಟ್ಯೂಬಿನ ಪಟ್ಟಿ ಎಳೆದು ಕಟ್ಟಿದೆ.